ಗಾಡಿ ಚಾಲೂ ಆಗವಲ್ದ್ರಿ

ಮನುಷ್ಯನಿಗೆ ಎಲ್ಲಿಗೂ ಹೋಗುವ ಕೆಲಸ ಇಲ್ಲದ ದಿನ ಕಾರು ಒಂದೇ ಸಲಕ್ಕೆ ಚಾಲೂ ಆಗುತ್ತದೆ. ಹೋಗಲೇಬೇಕಾದ ದಿನ ಮಾತ್ರ ಅದು ಹಟಮಾರಿ ಎಮ್ಮೆಯ ಹಾಗೆ ಕೂತುಬಿಡುತ್ತದೆ. ನಲವತ್ತು ವರ್ಷ ಎಂಜಿನ್ನಿನೊಳಗೆ ಕೈ ಹಾಕಿದವನು ನಾನು. ಇದು ಹೀಗೇಕೆ ಅಂತ ನನಗೆ ಇವತ್ತಿಗೂ ತಿಳಿದಿಲ್ಲ. ತಿಳಿದಿದ್ದರೆ ಚಿಕ್ಕೋಡಿಯ ನನ್ನ ಗ್ಯಾರೇಜು ಎಂದೋ ಮುಚ್ಚುತ್ತಿತ್ತು, ನಗಲಿಕ್ಕೆ ಇಷ್ಟು ಪ್ರಸಂಗಗಳೂ ಉಳಿಯುತ್ತಿರಲಿಲ್ಲ.

ನನಗೆ ಕೆಲಸ ಕಲಿಸಿದವರು ಕುಡಚಿ ಕಡೆಯ ಒಬ್ಬ ಉಸ್ತಾದರು. ಎಂಬತ್ತರ ಸುಮಾರಿಗೆ ಅವರು ನಿಪ್ಪಾಣಿಯಲ್ಲಿ ಗ್ಯಾರೇಜು ನಡೆಸುತ್ತಿದ್ದರು. ಗಾಡಿ ಚಾಲೂ ಆಗದಿದ್ದರೆ ಅವರು ಮೊದಲು ಎಂಜಿನ್ನನ್ನು ಮುಟ್ಟುತ್ತಲೇ ಇರಲಿಲ್ಲ. ಕೀಲಿ ತೆಗೆದು ತಮ್ಮ ಕಿಸೆಗೆ ಹಾಕಿಕೊಳ್ಳುವರು, ಗೇರು ನ್ಯೂಟ್ರಲ್ಲಿಗೆ ತರುವರು, ಹ್ಯಾಂಡ್ ಬ್ರೇಕ್ ಎಳೆಯುವರು, ಚಕ್ರದ ಹಿಂದೆ ಒಂದು ಕಲ್ಲು ಇಡುವರು. ಆಮೇಲೆ ಸುತ್ತ ನಿಂತವರ ಬಾಯಿ ನೋಡುವರು. ಯಾರ ಬಾಯಲ್ಲಾದರೂ ಬೀಡಿ ಇದ್ದರೆ ಅವರನ್ನು ರಸ್ತೆಯ ಆಚೆಗೆ ಕಳಿಸುವರು. ಎಂಜಿನ್ ಕೆಟ್ಟರ ರಿಪೇರಿ ಆಗತೈತಿ, ಮನುಷ್ಯಾ ಕೆಟ್ಟರ ಸ್ಪೇರ್ ಪಾರ್ಟ್ ಸಿಗೂದಿಲ್ಲ ಅನ್ನುವುದು ಅವರ ಮಾತು. ಅದನ್ನು ಪಾಲಿಸಿದ್ದರಿಂದಲೇ ಈಗಲೂ ನನ್ನ ಹತ್ತೂ ಬೆರಳು ಜಾಗದಲ್ಲಿವೆ.

೧. ಚಹಾದ ಇಲಾಜು

ನಿಪ್ಪಾಣಿಯಲ್ಲಿ ಒಬ್ಬರು ತಂಬಾಕಿನ ಸಾಹುಕಾರರಿದ್ದರು. ದೊಡ್ಡ ದನಿ, ದೊಡ್ಡ ಮೀಸೆ, ಬಾಯಲ್ಲಿ ಸದಾ ಒಂದು ಬೀಡಿ. ಒಂದು ದಿನ ಅವರಿಗೆ ಹನ್ನೊಂದು ಗಂಟೆಗೆ ಬೆಳಗಾವಿ ಕೋರ್ಟಿನಲ್ಲಿ ಹಾಜರಿರಬೇಕಿತ್ತು. ಎಂಟಕ್ಕೆ ಕಾರು ಚಾಲೂ ಮಾಡಲು ಹೋದರೆ ಅದು ಗೊರ್ ಗೊರ್ ಅಂದು ಸುಮ್ಮನಾಯಿತು. ಸಾಹುಕಾರರು ಸಿಟ್ಟಿಗೆದ್ದು ಆಕ್ಸಿಲರೇಟರನ್ನು ಹಾವಿನ ತಲೆ ತುಳಿದ ಹಾಗೆ ತುಳಿದರು. ನಾವು ಅವರ ಅಂಗಳಕ್ಕೆ ಹೋಗುವಷ್ಟರಲ್ಲಿ ಓಣಿಯ ತುಂಬ ಪೆಟ್ರೋಲಿನ ವಾಸನೆ. ಸಾಹುಕಾರರು ಮಾತ್ರ ಬಾನೆಟ್ ಎತ್ತಿ, ಬೀಡಿ ಕಚ್ಚಿಕೊಂಡು, ಎಂಜಿನ್ನಿನ ಮೇಲೆ ಬಗ್ಗಿ ನಿಂತಿದ್ದರು.

ಉಸ್ತಾದರು ನಮಸ್ಕಾರ ಕೂಡ ಹೇಳಲಿಲ್ಲ. ನೆಟ್ಟಗೆ ಹೋಗಿ ಸಾಹುಕಾರರ ತೋಳು ಹಿಡಿದು ಹತ್ತು ಹೆಜ್ಜೆ ದೂರ ಎಳೆದರು. ಬಾಯಲ್ಲಿದ್ದ ಬೀಡಿಯನ್ನು ಎರಡು ಬೆರಳಿನಿಂದ ಕಿತ್ತುಕೊಂಡು, ನೆಲಕ್ಕೆ ಹಾಕಿ ಚಪ್ಪಲಿಯಿಂದ ಹೊಸಕಿದರು. ಆ ಮೀಸೆಯ ಹತ್ತಿರ ಅಲ್ಲಿಯ ತನಕ ಕ್ಷೌರಿಕನ ಕೈಯೊಂದೇ ಹೋಗಿದ್ದದ್ದು.

ಸಾಹುಕಾರರು ಬಾಯಿ ತೆರೆಯುವ ಮೊದಲೇ ಉಸ್ತಾದರು ಕಟ್ಟೆಯ ಮೇಲೆ ಕೂತು, ಮನೆಯವರಿಗೆ ಚಹಾ ಮಾಡಲು ಹೇಳಿದರು. ಕೋರ್ಟಿಗೆ ಹೊತ್ತಾಗತೈತಿ, ಇಂವಗ ಚಹಾ ಬೇಕಂತ ಅಂತ ಸಾಹುಕಾರರು ಗುಡುಗಿದರು. ಉಸ್ತಾದರು ಅಲುಗಲಿಲ್ಲ. ಬಾನೆಟ್ ಬಾಯಿ ತೆರೆದೇ ಇತ್ತು. ಚಹಾ ಬಂತು. ಅವರು ಅದನ್ನು ಬಸಿಗೆ ಸುರಿದು, ಊದಿ ಊದಿ, ಹದಿನೈದು ನಿಮಿಷ ಕುಡಿದರು. ಆಮೇಲೆ ಎದ್ದು, ಮೂಗಿನಿಂದ ಗಾಳಿ ಎಳೆದು ನೋಡಿ, ಸೀಟಿನಲ್ಲಿ ಕೂತು, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಕೀಲಿ ತಿರುವಿದರು. ಕಾರು ಒಂದು ಸಲ ಕೆಮ್ಮಿ, ಕರಿ ಹೊಗೆ ಉಗುಳಿ, ಚಾಲೂ ಆಗಿಬಿಟ್ಟಿತು.

ಅತಿಯಾಗಿ ಪೆಟ್ರೋಲ್ ಕುಡಿದ ಎಂಜಿನ್ ತಾನೇ ಒಣಗುವವರೆಗೆ ಸುಮ್ಮನಿರುವುದೇ ಅದರ ಔಷಧ. ಅದನ್ನು ಉಸ್ತಾದರು ವಿವರಿಸಿ ಹೇಳಿದರು. ಸಾಹುಕಾರರ ತಲೆಯಲ್ಲಿ ಮಾತ್ರ ಬೇರೆಯೇ ಉಳಿಯಿತು. ತಿಂಗಳ ನಂತರ ಗ್ಯಾರೇಜಿನ ಪಕ್ಕದ ಕಿರಾಣಿ ಅಂಗಡಿಗೆ ಅವರ ಫೋನು ಬಂತು. ನಾನು ಓಡಿಹೋಗಿ ಎತ್ತಿದೆ. ಆ ಕಡೆಯಿಂದ ಬಹಳ ಗಾಬರಿಯ ದನಿ: "ಏ ಮಿಸ್ತ್ರಿ, ಗಾಡಿ ಮತ್ತ ಬಂದ್ ಬಿದ್ದೈತಿ. ನಾ ಎರಡ ಕಪ್ ಚಹಾ ಕುಡದ್ನಿ, ಚಾಲೂ ಆಗವಲ್ದು. ಉಸ್ತಾದನ್ನ ಕೇಳು, ಕಾಫಿ ಕುಡೀಲೇನು?"

೨. ಹೈಡ್ರೋಜನ್ನಿನ ಗುಣಧರ್ಮ

ನಾನು ಚಿಕ್ಕೋಡಿಯಲ್ಲಿ ಸ್ವಂತ ಗ್ಯಾರೇಜು ಹಾಕಿದ ಹೊಸತರಲ್ಲಿ ರಾಯಬಾಗ ಕಡೆಯ ಹೈಸ್ಕೂಲಿನ ವಿಜ್ಞಾನದ ಮಾಸ್ತರರೊಬ್ಬರು ನನಗೆ ಗಿರಾಕಿ ಆದರು. ಹಳೆಯ ಕಾರೊಂದನ್ನು ತಗೊಂಡಿದ್ದರು. ಒಳ್ಳೆಯ ಮನುಷ್ಯರು. ಆದರೆ ನಾನು ಯಾವ ನಟ್ಟು ಬಿಚ್ಚಿದರೂ ಅದರ ಹಿಂದಿನ ತತ್ವ ಏನು ಅಂತ ನನಗೇ ಪಾಠ ಹೇಳುತ್ತಿದ್ದರು.

ಒಂದು ಚಳಿಗಾಲದ ಮುಂಜಾನೆ ಶಾಲೆಗೆ ತಪಾಸಣೆಗೆಂದು ಮೇಲಿನ ಸಾಹೇಬರು ಬರುವವರಿದ್ದರು. ಅವರನ್ನು ಸ್ಟೇಷನ್ನಿನಿಂದ ಕರಕೊಂಡು ಬರುವ ಕೆಲಸ ಮಾಸ್ತರರದು. ಕಾರು ಚಾಲೂ ಆಗಲಿಲ್ಲ. ಹಿಂದಿನ ದಿನ ರಾಯಬಾಗಕ್ಕೆ ಹೋದ ನಾನು ಅಲ್ಲಿಯೇ ನೆಂಟರ ಮನೆಯಲ್ಲಿದ್ದೆ. ಹೇಳಿ ಕಳಿಸಿದರು, ಚೀಲ ಹೆಗಲಿಗೆ ಹಾಕಿಕೊಂಡು ಓಡಿದೆ. ನಾನು ಹೋದಾಗ ಮಾಸ್ತರರು ತಗಡಿನ ಶೆಡ್ಡಿನೊಳಗೆ ಬ್ಯಾಟರಿಯ ಬಿರಡೆಗಳನ್ನೆಲ್ಲ ಬಿಚ್ಚಿಟ್ಟು ಬಗ್ಗಿ ನೋಡುತ್ತಿದ್ದರು. ಬ್ಯಾಟರಿಯೊಳಗೆ ನೀರು ಕಡಿಮೆ ಆಗಿರಬೇಕು, ಶೆಡ್ಡಿನೊಳಗೆ ಕತ್ತಲು, ಕಾಣವಲ್ದು ಅಂದರು. ಅನ್ನುತ್ತಲೇ ಕಿಸೆಯಿಂದ ಕಡ್ಡಿಪೆಟ್ಟಿಗೆ ತೆಗೆದರು.

ನನಗೆ ಬಾಯಿಂದ ಮಾತು ಬರುವ ಮೊದಲೇ ಕಡ್ಡಿ ಗೀರಿಯಾಗಿತ್ತು. ಢಪ್ ಅಂತ ಒಂದು ಸಪ್ಪಳ. ದೊಡ್ಡದೇನಲ್ಲ, ಆದರೆ ಮಾಸ್ತರರು ಮೂರು ಹೆಜ್ಜೆ ಹಿಂದಕ್ಕೆ ಬಂದು ನನ್ನ ಮೇಲೆ ಬಿದ್ದರು. ನಾನು ಅವರ ಕೈ ಹಿಡಿದು ಹೊರಗೆ ಎಳೆದು, ತುಳಸಿಕಟ್ಟೆಯ ಹತ್ತಿರ ಇದ್ದ ಹಂಡೆಯ ನೀರನ್ನು ಚರಿಗೆಯಲ್ಲಿ ತುಂಬಿ ತುಂಬಿ ಮುಖಕ್ಕೆ, ಕಣ್ಣಿಗೆ ಸುರಿದೆ. ಸಾಕು ಅಂದರೂ ಬಿಡಲಿಲ್ಲ. ಬ್ಯಾಟರಿಯ ಆಸಿಡ್ ಕಣ್ಣಿಗೆ ಸಿಡಿದರೆ ಹಂಡೆ ಖಾಲಿ ಆಗುವವರೆಗೆ ತೊಳೆಯಬೇಕು, ಆಮೇಲೆ ಡಾಕ್ಟರಿಗೆ ತೋರಿಸಬೇಕು. ಮಾಸ್ತರರ ಹೆಂಡತಿ ಅಂಗಳಕ್ಕೆ ಬಂದು, ಈ ಚಳಿಯೊಳಗೆ ಇವರಿಗೇಕೆ ಅಭಿಷೇಕ ಅಂತ ಕೇಳಿದರು. ಓಣಿಯ ಡಾಕ್ಟರು ಬಂದು ದೀಪ ಹಿಡಿದು ನೋಡಿ, ಕಣ್ಣಿಗೆ ಏನೂ ಆಗಿಲ್ಲ ಅಂದಾಗ ನನಗೆ ಜೀವ ಬಂತು. ಅಂಗಿಗೆ ಮಾತ್ರ ಅಲ್ಲಲ್ಲಿ ತೂತು ಬಿದ್ದವು. ಎರಡೂ ಹುಬ್ಬು ಪೂರ್ತಿ ಹೋಗಿದ್ದವು.

ಮಾಸ್ತರರು ಬಹಳ ಹೊತ್ತು ಕನ್ನಡಿ ನೋಡಿಕೊಂಡು ಕೂತರು. ಬ್ಯಾಟರಿಯಿಂದ ಹೈಡ್ರೋಜನ್ ಬರತೈತಿ ಅಂತ ಹದಿನೆಂಟು ವರ್ಷದಿಂದ ಹುಡುಗರಿಗೆ ನಾನೇ ಕಲಿಸೀನಿ ಅಂತ ಸಣ್ಣ ದನಿಯಲ್ಲಿ ಹೇಳಿದರು.

ಸಾಹೇಬರು ಟಾಂಗಾ ಹತ್ತಿ ತಾವೇ ಶಾಲೆಗೆ ಬಂದರು. ಮಾಸ್ತರರು ಧೈರ್ಯ ಮಾಡಿ ಕ್ಲಾಸಿಗೆ ಹೋದರು. ನಡೆದದ್ದನ್ನು ಮುಚ್ಚಿಡದೆ ಹುಡುಗರಿಗೆ ಹೇಳಿ, ಬ್ಯಾಟರಿ ಹತ್ತಿರ ಎಂದೂ ಕಡ್ಡಿ ಗೀರಬೇಡಿ ಅಂತ ಎಚ್ಚರಿಸಿ ಪಾಠ ಮುಗಿಸುವ ಹೊತ್ತಿಗೆ ಸಾಹೇಬರು ಒಳಗೆ ಬಂದರು. ಮುಂದಿನ ಬೆಂಚಿನ ಒಬ್ಬ ಹುಡುಗಿಯನ್ನು ಎಬ್ಬಿಸಿ, ಹೈಡ್ರೋಜನ್ನಿನ ಗುಣಧರ್ಮ ಹೇಳು ಅಂದರು. ಆಕೆ ಕೈಕಟ್ಟಿ ನಿಂತು ಗಡಗಡ ಒಪ್ಪಿಸಿದಳಂತೆ: "ಬಣ್ಣ ಇಲ್ರಿ, ವಾಸನಿ ಇಲ್ರಿ, ಹುಬ್ಬ ಇರಾಕ ಬಿಡಂಗಿಲ್ರಿ."

೩. ನನ್ನ ಪಾಳಿ

ಬರೀ ಮಂದಿಯ ಮರ್ಯಾದೆ ತೆಗೆದರೆ ಸರಿಯಲ್ಲ. ನನ್ನದೂ ಒಂದು ಹೇಳಿಬಿಡುತ್ತೇನೆ.

ಅಥಣಿಯ ಡಾಕ್ಟರಬಾಯಿಯೊಬ್ಬರ ಕಾರು ಅವರ ದವಾಖಾನೆಯ ಮುಂದೆಯೇ ನಿಂತುಬಿಟ್ಟಿತ್ತು. ನಾನು ಹೋಗಿ ಪ್ಲಗ್ ಬಿಚ್ಚಿದೆ, ಒರೆಸಿದೆ, ಹಾಕಿದೆ. ಕಾರ್ಬ್ಯುರೇಟರ್ ಬಿಚ್ಚಿ ಊದಿದೆ. ಪಾಯಿಂಟ್ ಉಜ್ಜಿದೆ. ವೈರಿಂಗನ್ನು ಜಡೆ ಬಿಚ್ಚಿದ ಹಾಗೆ ಬಿಚ್ಚಿ ಮತ್ತೆ ಹೆಣೆದೆ. ಎರಡು ತಾಸು ಆಯಿತು. ದವಾಖಾನೆಗೆ ಬಂದ ಪೇಶಂಟುಗಳೆಲ್ಲ ತಮ್ಮ ಜಡ್ಡು ಮರೆತು ನನ್ನ ಸುತ್ತ ನಿಂತಿದ್ದರು. ನನಗೂ ಹುರುಪು ಬಂದು, ಒಂದೊಂದು ಭಾಗ ಬಿಚ್ಚಿದಾಗಲೂ ಅದು ಹೆಂಗೆ ಕೆಟ್ಟಿದೆ ಅಂತ ಭಾಷಣ ಮಾಡಿದೆ. ಕಡೆಗೆ ಎಂಜಿನ್ ಪೂರ್ತಿ ಇಳಿಸಬೇಕಾಗುತ್ತದೆ ಅಂತ ಹೇಳಿಬಿಟ್ಟೆ.

ಡಾಕ್ಟರಬಾಯಿ ಪೇಶಂಟುಗಳನ್ನು ಹುಡುಕುತ್ತ ಹೊರಗೆ ಬಂದರು. ನನ್ನ ಮಾತು ಕೇಳಿ, ಕೊರಳಲ್ಲಿ ಸ್ಟೆತಸ್ಕೋಪು ಹಾಕಿಕೊಂಡೇ ಒಂದು ಗಳಿಗೆ ಕಾರನ್ನು ನೋಡಿದರು. ಆಮೇಲೆ ಬಹಳ ಮೆತ್ತಗೆ ಕೇಳಿದರು: "ಮಿಸ್ತ್ರಿ, ಆಪರೇಶನ್ ಮಾಡೂಕಿಂತ ಮೊದಲ ನಾವು ಪೇಶಂಟ್‌ಗ ಹೊಟ್ಟಿಗೆ ಏನ ತಿಂದೀರಿ ಅಂತ ಕೇಳತೀವಿ. ನೀವು ಕೇಳೀರೇನು?"

ನಾನು ಒಂದು ಕೋಲು ತಗೊಂಡು ಟ್ಯಾಂಕಿನೊಳಗೆ ಇಳಿಬಿಟ್ಟೆ. ಕೋಲು ಬಾಯಾರಿಕೆಯಿಂದ ಹೊರಗೆ ಬಂತು. ಪೆಟ್ರೋಲ್ ತೋರಿಸುವ ಮುಳ್ಳು ಅರ್ಧದಲ್ಲೇ ಸಿಕ್ಕಿಕೊಂಡು ತಿಂಗಳಾಗಿತ್ತಂತೆ. ಆವತ್ತು ಅಥಣಿಯ ಪೇಶಂಟುಗಳಲ್ಲಿ ಅರ್ಧ ಜನ ನಗುತ್ತ ನಗುತ್ತಲೇ ಗುಣವಾಗಿ ಮನೆಗೆ ಹೋದರು ಅಂತ ಡಾಕ್ಟರಬಾಯಿ ಆಮೇಲೆ ಹೇಳಿದರು.

೪. ಕಾರಿನ ಜೋಡಿ ಕುಸ್ತಿ

ಆಗಿನ ಕಾರುಗಳ ಮೂತಿಗೆ ಒಂದು ತೂತು ಇರುತ್ತಿತ್ತು. ಅದರೊಳಗೆ ಕಬ್ಬಿಣದ ಹ್ಯಾಂಡಲ್ ಹಾಕಿ ತಿರುವಿ ಚಾಲೂ ಮಾಡಬಹುದಿತ್ತು. ಆದರೆ ಅದಕ್ಕೊಂದು ಪದ್ಧತಿ ಇದೆ. ಗೇರು ನ್ಯೂಟ್ರಲ್ ಇರಬೇಕು. ಹೆಬ್ಬೆರಳು ಉಳಿದ ನಾಲ್ಕು ಬೆರಳಿನ ಜೊತೆ ಒಂದೇ ಕಡೆ ಇರಬೇಕು, ಮುಷ್ಟಿ ಕಟ್ಟಬಾರದು. ಕೆಳಗಿನಿಂದ ಮೇಲಕ್ಕೆ ಎಳೆಯಬೇಕು, ಮೇಲಿನಿಂದ ಕೆಳಕ್ಕೆ ಎಂದೂ ಒತ್ತಬಾರದು. ಯಾಕೆಂದರೆ ಎಂಜಿನ್ ಒಮ್ಮೊಮ್ಮೆ ಉಲ್ಟಾ ಒದೆಯುತ್ತದೆ. ಮುಷ್ಟಿ ಕಟ್ಟಿದ್ದರೆ ಹೆಬ್ಬೆರಳು ಮುರಿಯುತ್ತದೆ.

ಐನಾಪುರದ ಒಬ್ಬ ಪೈಲ್ವಾನರಿಗೆ ಕಾಗವಾಡದಲ್ಲಿ ಒಂದು ದಿನ ಮಧ್ಯಾಹ್ನ ದೊಡ್ಡ ಕುಸ್ತಿ ಇತ್ತು. ಎದುರಾಳಿ ಸಾಂಗಲಿ ಕಡೆಯವನು, ಆ ವರ್ಷ ಯಾರಿಗೂ ಸೋತಿರಲಿಲ್ಲ. ಪೈಲ್ವಾನರ ಅಭಿಮಾನಿಗಳು ಕಾರು ಮಾಡಿಸಿ ಅವರನ್ನು ಮೆರೆಸಿ ಒಯ್ಯಬೇಕು ಅಂತ ಹುರುಪಿನಿಂದ ನಿಂತಿದ್ದರು. ಕಾರು ನಿಂತುಬಿಟ್ಟಿತು. ಬೇರೆ ಯಾವುದೋ ಜೀಪು ನೋಡಲು ಅದೇ ಊರಿಗೆ ಹೋಗಿದ್ದ ನನ್ನನ್ನು ಎಳಕೊಂಡು ಬಂದರು.

ನಾನು ಹ್ಯಾಂಡಲ್ ಹಾಕಿ ಬಗ್ಗುವಷ್ಟರಲ್ಲಿ ಪೈಲ್ವಾನರು ನನ್ನ ಭುಜ ಹಿಡಿದು ಬದಿಗೆ ಇಟ್ಟರು. ಸರಿಸಿದರು ಅಲ್ಲ, ಎತ್ತಿ ಇಟ್ಟರು. ಇದು ಕಡ್ಡಿ ಪೈಲ್ವಾನರ ಕೆಲಸ ಅಲ್ಲ ಅಂದರು. ನಾನು ಹೆಬ್ಬೆರಳಿನ ವಿಷಯ ಹೇಳಲು ಹೋದೆ. ಇಪ್ಪತ್ತು ವರ್ಷದಿಂದ ಪಟ್ಟು ಹಿಡಿಯುವವನಿಗೆ ಹಿಡಿತ ಕಲಿಸಬೇಡ ಅಂದರು. ಜನ ಹೋ ಅಂದರು. ನಾನು ಕನಿಷ್ಠ ಗೇರನ್ನಾದರೂ ನೋಡಿ ನ್ಯೂಟ್ರಲ್ಲಿಗೆ ತಂದೆ. ಅದೊಂದು ಪುಣ್ಯದ ಕೆಲಸ. ಇಲ್ಲದಿದ್ದರೆ ಕಾರು ಅವರ ಮೇಲೆಯೇ ಹೋಗುತ್ತಿತ್ತು.

ಪೈಲ್ವಾನರು ತೊಡೆ ತಟ್ಟಿದರು. ಎರಡೂ ಕೈಯಿಂದ ಮುಷ್ಟಿ ಕಟ್ಟಿ ಹ್ಯಾಂಡಲ್ ಹಿಡಿದು ಮೇಲಿನಿಂದ ಕೆಳಕ್ಕೆ ಒತ್ತಿದರು. ಎಂಜಿನ್ ಒದೆಯಿತು. ನೂರು ಕಿಲೋದ ಮನುಷ್ಯ ಗಾಳಿಯಲ್ಲಿ ಅರ್ಧ ಸುತ್ತು ತಿರುಗಿ ಧೂಳಿನಲ್ಲಿ ಅಂಗಾತ ಬಿದ್ದರು. ಎರಡೂ ಭುಜ ನೆಲಕ್ಕೆ ಹತ್ತಿದ್ದವು. ಕುಸ್ತಿಯಲ್ಲಿ ಅದಕ್ಕೆ ಚಿತ್ ಅನ್ನುತ್ತಾರೆ, ಸೋತ ಹಾಗೆ. ಪೈಲ್ವಾನರು ಎದ್ದು ಕೂತು, ಸುತ್ತ ನೋಡಿ, ಇಲ್ಲಿ ಪಂಚರು ಯಾರೂ ಇಲ್ಲ, ಇದು ಲೆಕ್ಕಕ್ಕಿಲ್ಲ ಅಂದರು.

ಹೆಬ್ಬೆರಳು ಮುರಿದಿರಲಿಲ್ಲ, ಆದರೆ ಬದನೆಕಾಯಿಯ ಹಾಗೆ ಊದಿತ್ತು. ನಾನು ಮೂರನೆಯ ಎಳೆತಕ್ಕೆ, ಒಂದೇ ಕೈಯಿಂದ, ಕಾರು ಚಾಲೂ ಮಾಡಿದೆ. ಯಾರೂ ಹೋ ಅನ್ನಲಿಲ್ಲ.

ಮತ್ತೆ ನಿಂತರೆ ಇರಲಿ ಅಂತ ನನ್ನನ್ನೂ ಹತ್ತಿಸಿಕೊಂಡರು, ಕಾಗವಾಡದ ತನಕ ಕಾರಿನಲ್ಲಿ ಒಂದೇ ಚಿಂತೆ. ಒಂದು ಕೈಯಲ್ಲಿ ಕುಸ್ತಿ ಆಡುವುದು ಹೆಂಗೆ? ಬಿಡುವುದು ಹೆಂಗೆ? ಪೈಲ್ವಾನರು ಕೈಗೆ ಬಟ್ಟೆ ಕಟ್ಟಿಕೊಂಡೇ ಕಣದ ಹತ್ತಿರ ಇಳಿದರು. ಎದುರಾಳಿಯ ಕಡೆಯವರು ಆ ಬಟ್ಟೆ ನೋಡಿ, ಏನಾಯಿತು ಅಂತ ನಮ್ಮ ಕಡೆಯ ಒಬ್ಬ ಮುದುಕರನ್ನು ಕೇಳಿದರು. ಮುದುಕರು ಸುಳ್ಳು ಹೇಳುವವರಲ್ಲ. ಬರುವಾಗ ಕಾರಿನ ಜೋಡಿ ಒಂದು ಪಟ್ಟು ಆತು, ಅಷ್ಟ ಅಂದರು. ಕಾರು ಏನಾಯಿತು ಅಂತ ಅವರು ಕೇಳಿದರು. ಮುದುಕರು ಮರದ ಕೆಳಗೆ ಗಡಗಡ ನಡುಗುತ್ತ ನಿಂತಿದ್ದ ಕಾರಿನ ಕಡೆ ಬೆರಳು ತೋರಿಸಿದರು. ಎಂಜಿನ್ ಬಂದ್ ಮಾಡಬೇಡ ಅಂತ ನಾನು ಡ್ರೈವರನಿಗೆ ಹೇಳಿದ್ದೆ.

ಐದು ನಿಮಿಷದಲ್ಲಿ ಎದುರಾಳಿಯ ಕಡೆಯಿಂದ ಸುದ್ದಿ ಬಂತು. ದೊಡ್ಡ ಪೈಲ್ವಾನರ ಮೇಲೆ ನಮಗೆ ಬಹಳ ಗೌರವ ಐತಿ, ಕೈ ಕೂಡಿಸಿ ಕುಸ್ತಿ ಬರಾಬರಿ ಅಂತ ಬಿಡಿಸಿದರ ಹೆಂಗ?

೫. ಇಲ್ಲೇ ಬಂದರ ಇಲ್ಲೇ ಹತ್ತತೀವಿ

ಇದನ್ನು ನೆನೆದರೆ ಈಗಲೂ ಹೆದರಿಕೆಯೂ ಬರುತ್ತದೆ, ನಗೆಯೂ ಬರುತ್ತದೆ.

ಒಬ್ಬ ಗೌಡರ ಕಾರು ನನ್ನ ಹತ್ತಿರ ರಿಪೇರಿಗೆ ಬಂದಿತ್ತು. ಅದನ್ನು ಮುಟ್ಟಿಸಲು ಹೋದಾಗ ಗೌಡರು, ನಮ್ಮನ್ನ ಕುಡಚಿ ಸ್ಟೇಷನ್ನಿಗೆ ಬಿಟ್ಟ ಬಾ ಅಂದರು. ಗೌಡತಿಯ ಜೊತೆ ಮಿರಜಿಗೆ ಹೊರಟಿದ್ದರು, ಮಗಳ ಬಾಣಂತನಕ್ಕೆ. ಗೌಡತಿ ಗಟ್ಟಿ ಹೆಂಗಸು. ಮಡಿಲಲ್ಲಿ ಉಪ್ಪಿನಕಾಯಿಯ ಭರಣಿ, ಪಕ್ಕದಲ್ಲಿ ಅಂಟಿನುಂಡಿಯ ಡಬ್ಬಿ, ಕಾಲ ಹತ್ತಿರ ಬುತ್ತಿಯ ಗಂಟು.

ಕುಡಚಿ ಹತ್ತಿರ ರೈಲ್ವೆ ಗೇಟು ಇನ್ನೂ ತೆರೆದಿತ್ತು. ನಾನು ಹಳಿ ದಾಟಲು ಹೋದೆ. ಸರಿಯಾಗಿ ಎರಡೂ ಹಳಿಯ ನಡುವೆ ಎಂಜಿನ್ ಸತ್ತಿತು. ನಾನೇ ರಿಪೇರಿ ಮಾಡಿದ ಎಂಜಿನ್. ಎರಡು ಸಲ ಕೀಲಿ ತಿರುವಿದೆ, ಆಗಲಿಲ್ಲ. ಅಷ್ಟರಲ್ಲಿ ದೂರದಲ್ಲಿ ಸೀಟಿ ಕೇಳಿಸಿತು.

ಹಳಿಯ ಮೇಲೆ ಗಾಡಿ ನಿಂತರೆ ಮೊದಲು ಮನುಷ್ಯರು ಇಳಿಯಬೇಕು, ಗಾಡಿಯ ಚಿಂತೆ ಆಮೇಲೆ. ನಾನು ಇಳಿರಿ ಇಳಿರಿ ಅಂದೆ. ಗೌಡರು ಜಿಗಿದು ಗೇಟಿನಾಚೆ ನಿಂತರು. ಗೌಡತಿ ಅಲುಗಲಿಲ್ಲ. ಗಾಡಿ ಬರಾಕತ್ತೈತ್ರಿ ಅಂದೆ. ಅವರು ಭರಣಿಯ ಬಾಯಿಗೆ ಕಟ್ಟಿದ ಬಟ್ಟೆ ಸರಿಮಾಡುತ್ತ ಹೇಳಿದರು: "ಬರಲಿ ಬಿಡೋ ತಮ್ಮಾ. ನಾವು ಗಾಡಿ ಹಿಡಿಯಾಕ ಹೊಂಟೀವಿ. ಇಲ್ಲೇ ಬಂದರ ಇಲ್ಲೇ ಹತ್ತತೀವಿ."

ಗೇಟಿನವನು ಕೆಂಪು ಬಾವುಟ ಹಿಡಿದು ಓಡಿ ಬಂದ. ವಯಸ್ಸಾದವನು, ಮಂದಿಯನ್ನು ನೋಡಿದವನು. ಒಂದು ಕ್ಷಣದಲ್ಲಿ ಪರಿಸ್ಥಿತಿ ತಿಳಿದುಕೊಂಡ. ಕಿಟಕಿಯೊಳಗೆ ಬಗ್ಗಿ, ಅವ್ವಾರ, ಬರೂದು ಮಾಲಗಾಡಿ, ಅದರಾಗ ಸೀಟ್ ಇರೂದಿಲ್ಲ ಅಂದ. ಗೌಡತಿ, ಹಂಗಂತ ಮೊದಲ ಹೇಳಬಾರದೇನು ಅಂತ ಭರಣಿ ಎತ್ತಿಕೊಂಡು ತಕ್ಷಣ ಇಳಿದರು. ಗೇಟಿನವನು ಬಾವುಟ ಬೀಸುತ್ತ ಹಳಿಗುಂಟ ಸೀಟಿ ಬಂದ ಕಡೆಗೆ ಓಡಿದ.

ನನಗೆ ಉಸ್ತಾದರ ಒಂದು ಯುಕ್ತಿ ನೆನಪಾಯಿತು. ಎಂಜಿನ್ ಸತ್ತರೂ ಬ್ಯಾಟರಿ ಬದುಕಿದ್ದರೆ ಸ್ಟಾರ್ಟರ್ ಮೋಟಾರೇ ಗಾಡಿಯನ್ನು ನಾಲ್ಕು ಮಾರು ಎಳೆಯುತ್ತದೆ. ಕಿಟಕಿಯೊಳಗಿಂದ ಕೈ ಹಾಕಿ ಮಾಡುವ ಕೆಲಸವಲ್ಲ ಅದು, ಕೂತೇ ಮಾಡಬೇಕು. ಸೀಟಿ ಇನ್ನೂ ದೂರವಿತ್ತು, ಗೇಟಿನವನ ಬಾವುಟ ಆಗಲೇ ತಿರುವಿನ ಹತ್ತಿರ ಕಾಣುತ್ತಿತ್ತು. ಬಾಗಿಲು ತೆರೆದೇ ಇಟ್ಟು, ಒಂದು ಕಾಲು ಹೊರಗೇ ಬಿಟ್ಟು ಕೂತೆ. ಮೊದಲನೆಯ ಗೇರು ಹಾಕಿ, ಕ್ಲಚ್ ಬಿಟ್ಟು ಕೀಲಿ ತಿರುವಿ ಹಿಡಿದೆ. ಕಾರು ಕಪ್ಪೆಯ ಹಾಗೆ ಒಂದು ಸಲ ಕುಪ್ಪಳಿಸಿತು. ಮತ್ತೊಂದು ಸಲ. ಮೂರನೆಯದಕ್ಕೆ ಹಿಂದಿನ ಚಕ್ರ ಹಳಿ ದಾಟಿತು, ಕಾರು ಆಚೆಯ ಬೇಲಿಗೆ ಮುತ್ತು ಕೊಟ್ಟು ನಿಂತಿತು. ನಾನು ಇಳಿದು ಹಾಗೇ ನೆಲದ ಮೇಲೆ ಕೂತೆ.

ಕೆಂಪು ಬಾವುಟ ನೋಡಿದ ರೈಲು ನಿಧಾನಕ್ಕೆ ಉಸ್ ಅನ್ನುತ್ತ ಬಂದು ಗೇಟಿಗಿಂತ ಸ್ವಲ್ಪ ಹಿಂದೆಯೇ ನಿಂತಿತು. ಎಲ್ಲ ಕಿಟಕಿಗಳಿಂದಲೂ ತಲೆಗಳು ಹೊರಬಂದವು. ಗೌಡತಿ ನೋಡಿದರು. ಮಾಲಗಾಡಿಯೊಳಗೆ ಇಷ್ಟು ಮಂದಿ ಹೆಂಗ ಬಂದರು ಅಂತ ಗೌಡರನ್ನು ಕೇಳಿದರು. ಅದು ಮಿರಜಿಗೆ ಹೋಗುವ ಪ್ಯಾಸೆಂಜರ್ ಗಾಡಿಯೇ ಆಗಿತ್ತು.

ಗೇಟಿನವನು ಡ್ರೈವರನ ಜೊತೆ ಮಾತಾಡಿ ಹಸಿರು ಬಾವುಟ ತೆಗೆಯುವಷ್ಟರಲ್ಲಿ ಗೌಡತಿ ಭರಣಿ ಹಿಡಿದು ನಡೆದೇ ಬಿಟ್ಟಿದ್ದರು. ಒಳಗಿದ್ದ ನಾಲ್ಕು ಮಂದಿ ಕೈಕೊಟ್ಟು ಎಳೆದುಕೊಂಡರು. ಹಿಂದೆ ಗಂಟು ಡಬ್ಬಿ ಹೊತ್ತು ಗೌಡರು ಓಡಿದರು. ಗಾಡಿ ನನ್ನ ಮುಂದಿನಿಂದ ಹಾಯುವಾಗ ಕಿಟಕಿಯಲ್ಲಿ ಗೌಡತಿ ಕಾಣಿಸಿದರು. "ನಾ ಹೇಳಿದ್ನಿಲ್ಲೋ," ಅಂದರು.

೬. ಮುಹೂರ್ತದ ಕಾರು

ತೊಂಬತ್ತರ ಆಚೆ ಈಚೆ ನಾನು ಒಂದು ಹಳೆಯ ಕಾರು ಕೊಂಡು, ಬಣ್ಣ ಹೊಡೆಸಿ, ಲಗ್ನದ ಹಂಗಾಮಿನಲ್ಲಿ ಬಾಡಿಗೆಗೆ ಬಿಡುತ್ತಿದ್ದೆ. ಚಿಕ್ಕೋಡಿ ಹತ್ತಿರದ ಹಳ್ಳಿಯ ಒಬ್ಬ ಹುಡುಗನ ಲಗ್ನ ಯಡೂರಿನ ವೀರಭದ್ರ ದೇವರ ಗುಡಿಯಲ್ಲಿ ಇತ್ತು. ಅಕ್ಕಿಕಾಳು ಬೀಳುವುದು ಹನ್ನೆರಡಕ್ಕೆ. ಬೀಗರು, ಬಳಗ ಎಲ್ಲ ಟ್ರಕ್ಕಿನಲ್ಲಿ ಮುಂದೆ ಹೋಗಿದ್ದರು. ನನ್ನ ಕಾರಿನಲ್ಲಿ ಮದುಮಗ, ಅವನ ಎಂಬತ್ತು ವರ್ಷದ ಅಜ್ಜ, ಅಜ್ಜಿ ಮತ್ತು ಇಬ್ಬರು ಗೆಳೆಯರು.

ಸ್ಟಾರ್ಟರ್ ಕೈಕೊಟ್ಟಿತು. ಮಿಸ್ತ್ರಿಯ ಕಾರು, ಲಗ್ನದ ದಿನ. ನನ್ನ ಮುಖ ನನಗೇ ನೋಡಲಾಗಲಿಲ್ಲ. ನೂಕಿಯೇ ಚಾಲೂ ಮಾಡಬೇಕಿತ್ತು. ಭಾರ ಕಡಿಮೆ ಆಗಲಿ ಅಂತ ಎಲ್ಲರನ್ನೂ ಇಳಿಸಿದೆ. ಹಿಂದಿನಿಂದ ಮಾತ್ರ ನೂಕಬೇಕು, ಮುಂದೆ ಯಾರೂ ಬರಬಾರದು ಅಂತ ಹೇಳಿದೆ. ಅಜ್ಜನಿಗೆ ಮೊಣಕಾಲು ನೋವು, ಕಿವಿಯೂ ಮಂದ, ಅವರನ್ನು ಕೂಡಲು ಬಿಟ್ಟೆ. ಮದುಮಗನಿಗೆ ನೀನೂ ಇಳಿಯಬೇಡ, ಬಾಸಿಂಗ ಕಟ್ಟಿದವರು ಗಾಡಿ ನೂಕಬಾರದು ಅಂದೆ. ಒಮ್ಮೆ ಚಾಲೂ ಆದರೆ ನಿಲ್ಲಿಸಿದಲ್ಲೇ ಸಾಯುವ ಎಂಜಿನ್ ಅದು, ಯಡೂರು ಬರುವ ತನಕ ನಾನು ನಿಲ್ಲಿಸುವುದಿಲ್ಲ, ನೂಕಿದವರು ಹಿಂದಿನಿಂದ ಯಾವುದಾದರೂ ಗಾಡಿ ಹಿಡಿದು ಬರ್ರಿ ಅಂತಲೂ ಹೇಳಿದೆ.

ಹೊಲದಿಂದ ಬಂದ ನಾಲ್ಕು ಜನ ಸೇರಿಕೊಂಡರು. ಒಂದು ಸಲ ನೂಕಿದರು, ಆಗಲಿಲ್ಲ. ಎರಡನೆಯ ಸಲ ಯಾರೋ ಬಹಳ ಜೋರಿನವರು ಕೈ ಹಚ್ಚಿದ ಹಾಗೆ ಕಾರು ಹಾರಿ ಮುಂದೆ ಹೋಯಿತು. ಎರಡನೆಯ ಗೇರಿನಲ್ಲಿ ಕ್ಲಚ್ ಬಿಟ್ಟೆ. ಭರ್ ಅಂತ ಚಾಲೂ ಆಯಿತು. ಕನ್ನಡಿಯಲ್ಲಿ ನೋಡಿದೆ. ಹಿಂದಿನ ಸೀಟಿನಲ್ಲಿ ಗುಲಾಬಿ ಫೇಟಾ, ಮುಖದ ತುಂಬ ಇಳಿಬಿದ್ದ ಬಾಸಿಂಗದ ಹೂ. ಸರಿ ಅಂತ ಹೊರಟೆ. ಹಿಂದೆ ಎಲ್ಲರೂ ಕೈ ಬೀಸುತ್ತ ಓಡಿ ಬರುತ್ತಿದ್ದರು. ಎಷ್ಟು ಪ್ರೀತಿಯ ಜನ ಅಂದುಕೊಂಡು ನಾನೂ ಕಿಟಕಿಯಿಂದ ಕೈ ಬೀಸಿದೆ.

ದಾರಿಯುದ್ದಕ್ಕೂ ಮದುಮಗನಿಗೆ ಸಂಸಾರದ ಬುದ್ಧಿ ಹೇಳಿದೆ. ಹೆಂಡತಿಯ ಮಾತು ಕೇಳಬೇಕು, ಸಿಟ್ಟು ಮಾಡಬಾರದು, ದುಡಿಯಬೇಕು, ಮೊದಲ ಒಂದು ವರ್ಷ ಬಹಳ ತಾಳ್ಮೆ ಬೇಕು ಅಂದೆ. ಪ್ರತಿ ಮಾತಿಗೂ ಫೇಟಾ ಮೇಲೆ ಕೆಳಗೆ ಆಡುತ್ತಿತ್ತು. ಈಗಿನ ಕಾಲದಲ್ಲಿ ಇಷ್ಟು ವಿನಯದ ಹುಡುಗರು ಎಲ್ಲಿ ಸಿಗುತ್ತಾರೆ ಅಂತ ನನಗೇ ಅಭಿಮಾನ ಬಂತು. ಅಜ್ಜ ಕಾಣಲಿಲ್ಲ. ಸೀಟಿನ ಮೂಲೆಗೆ ಒರಗಿ ನಿದ್ದೆ ಹೋಗಿರಬೇಕು ಅಂದುಕೊಂಡೆ.

ಹನ್ನೆರಡಕ್ಕೆ ಇಪ್ಪತ್ತು ನಿಮಿಷ ಇರುವಾಗ ಯಡೂರು ಮುಟ್ಟಿದೆವು. ಬ್ಯಾಂಡಿನವರು ಜೋರಾಗಿ ಬಾರಿಸಿದರು. ಮುತ್ತೈದೆಯರು ಆರತಿ ತಂದರು. ಮದುಮಗಳ ಸೋದರಮಾವ ಕಾರಿನ ಬಾಗಿಲು ತೆರೆದು, ಕೈಹಿಡಿದು ಬಹಳ ಮರ್ಯಾದೆಯಿಂದ ಇಳಿಸಿಕೊಂಡರು. ಮದುಮಗಳ ತಮ್ಮ ತಂಬಿಗೆಯ ನೀರು ಹಿಡಿದು ಕಾಲು ತೊಳೆಯಲು ಬಗ್ಗಿದ. ನೀರು ಹಾಕಿದ. ಕಾಲು ನೋಡಿದ. ಬಿರುಕು ಬಿಟ್ಟ ಹಿಮ್ಮಡಿ, ಗಂಟು ಗಂಟಾದ ಬೆರಳು. ಅವನು ನಿಧಾನಕ್ಕೆ ತಲೆ ಎತ್ತುತ್ತ ಹೋದ. ಸೋದರಮಾವ ಬಾಸಿಂಗದ ಹೂ ಸರಿಸಿದರು. ಒಳಗೆ ಬೆಳ್ಳನೆಯ ಮೀಸೆ.

ಬ್ಯಾಂಡು ಒಂದೊಂದೇ ವಾದ್ಯವಾಗಿ ನಿಂತಿತು. ಡೋಲಿನವನು ಏನೂ ಕಾಣದೆ ಕಡೆಯ ತನಕ ಬಾರಿಸುತ್ತಿದ್ದ.

ನಡೆದದ್ದು ಇಷ್ಟು. ಮೊದಲ ಸಲ ಕಾರು ಚಾಲೂ ಆಗದಿದ್ದಾಗ ಮದುಮಗನಿಗೆ ತಡೆಯಲಾಗಿಲ್ಲ. ಬಾಸಿಂಗ ಬಿಚ್ಚಿ, ಫೇಟಾ ತೆಗೆದು, ಅಜ್ಜಾ ಹಿಡಕೋ ಅಂತ ಕೊಟ್ಟು, ನನಗೆ ತಿಳಿಯದ ಹಾಗೆ ಇಳಿದು ನೂಕಿದ್ದಾನೆ. ಮಂದ ಕಿವಿಯ ಅಜ್ಜನಿಗೆ ಅದು ಇಟಕೋ ಅಂತ ಕೇಳಿಸಿದೆ. ಮೊಮ್ಮಗ ಹೇಳಿದ ಮೇಲೆ ತೆಗೆಯುವುದು ಹೆಂಗೆ ಅಂತ ಅಜ್ಜ ಇಟ್ಟುಕೊಂಡೇ ಕೂತಿದ್ದಾರೆ.

ಮದುಮಗಳ ತಂದೆ ತಲೆ ಮೇಲೆ ಕೈ ಹೊತ್ತು ಕಂಬಕ್ಕೆ ಒರಗಿದರು. ಮದುಮಗಳು ಅಂತರಪಟದ ಆಚೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆ ಅಂದುಕೊಂಡೆ. ಭುಜ ಕುಲುಕುವುದು ನೋಡಿದರೆ ನಗುತ್ತಿದ್ದಳು. ಹಿಂದಕ್ಕೆ ಹೋಗಿ ಮದುಮಗನನ್ನು ತರೋಣ ಅಂದರೆ ಕಾರು ಅಷ್ಟರಲ್ಲಿ ಸತ್ತಿತ್ತು. ಲಗ್ನ ಮಾಡಿಸುವ ಅಯ್ಯನವರು ಗಡಿಯಾರ ನೋಡಿ, ಇನ್ನ ಹತ್ತ ನಿಮಿಷ ಐತಿ, ಮೀರಿದರ ಮುಂದಿನ ಮುಹೂರ್ತ ಶ್ರಾವಣದಾಗ ಅಂದರು.

ಎಲ್ಲರೂ ಒಮ್ಮೆಗೇ ಮಾತಾಡತೊಡಗಿದರು. ಏನು ಗದ್ದಲ ಅಂತ ಅಜ್ಜ ಕೇಳಿದರು. ಸೋದರಮಾವ ಅವರ ಕಿವಿಯ ಹತ್ತಿರ ಬಾಯಿ ಇಟ್ಟು, ಮದುಮಗ ಬಂದಿಲ್ಲ, ಮುಹೂರ್ತ ಮೀರಾಕತ್ತೈತಿ ಅಂತ ಕೂಗಿ ಹೇಳಿದರು. ಅಜ್ಜ ಒಂದು ಗಳಿಗೆ ವಿಚಾರ ಮಾಡಿದರು. ಫೇಟಾ ನೆಟ್ಟಗೆ ಮಾಡಿಕೊಂಡು, ಮೀಸೆಯ ಮೇಲೆ ಕೈಯಾಡಿಸಿ, ದೊಡ್ಡ ಮನಸ್ಸಿನಿಂದ ಹೇಳಿದರು: "ಅಷ್ಟ ಅಡಚಣಿ ಇದ್ದರ, ನಂದೇನೂ ಅಡ್ಡಿ ಇಲ್ರಿ."

ನಗೆ ಏಳುವಷ್ಟರಲ್ಲಿ ಗುಡಿಯ ಮುಂದೆ ಟ್ರ್ಯಾಕ್ಟರಿನ ಸಪ್ಪಳ ಕೇಳಿಸಿತು. ಕಬ್ಬು ತುಂಬಿದ ಟ್ರೇಲರು. ಕಬ್ಬಿನ ಮೇಲೆ ಬರಿದಲೆಯ ಮದುಮಗ, ಗೆಳೆಯರು, ಅವರ ನಡುವೆ ಅಜ್ಜಿ. ಮದುಮಗ ಅಲ್ಲಿಂದಲೇ ಜಿಗಿದು ಓಡಿ ಬಂದ. ಅಂಗಿಯ ತುಂಬ ಕಬ್ಬಿನ ಒಣಗರಿ, ರವದಿ. ಅವನ ಕಾಲು ತೊಳೆದರು, ಅಜ್ಜನ ತಲೆಯಿಂದ ಫೇಟಾ, ಬಾಸಿಂಗ ತೆಗೆದು ಅವನ ತಲೆಗೆ ಇಟ್ಟರು, ಎಳಕೊಂಡು ಹೋಗಿ ಅಂತರಪಟದ ಮುಂದೆ ನಿಲ್ಲಿಸಿದರು. ಎರಡು ನಿಮಿಷ ಉಳಿದಿರುವಾಗ ಅಕ್ಕಿಕಾಳು ಬಿದ್ದವು.

ಅಜ್ಜಿಯನ್ನು ಕಬ್ಬಿನ ಮೇಲಿಂದ ಇಳಿಸಲು ಸ್ವಲ್ಪ ಹೊತ್ತಾಯಿತು. ಅವರು ಒಳಗೆ ಬಂದಾಗ ಹೆಂಗಸರೆಲ್ಲ ಮುತ್ತಿಕೊಂಡು, ಅಜ್ಜ ಮದುವೆಗೆ ತಯಾರಾಗಿ ನಿಂತ ಸುದ್ದಿ ಹೇಳಿದರು. ಬರಿದಲೆಯಲ್ಲಿ, ತೊಳೆಸಿಕೊಂಡ ಕಾಲಲ್ಲಿ, ಅಜ್ಜ ಕಂಬಕ್ಕೆ ಒರಗಿ ಕೂತಿದ್ದರು. ಅಜ್ಜಿ ಅವರನ್ನು ಕಾಲಿನಿಂದ ತಲೆಯ ತನಕ ಒಂದು ಸಲ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಮಿಸ್ತ್ರಿ, ನೀ ಶಾಣ್ಯಾ ಇದ್ದಿ, ನನಗೊಂದ ಹೇಳು. ಇದು ಮನ್ಯಾಗ ದಿನಾ ಮುಂಜಾನೆ ನಾ ನಾಕ ಸಲ ನೂಕಿದರೂ ಹಾಸಿಗಿ ಬಿಟ್ಟ ಏಳೂದಿಲ್ಲ. ಇಲ್ಲಿ ತಾನ ಹೆಂಗ ಚಾಲೂ ಆತು?"